ಮನೆಯ ಆಂಟೆನಾ: ಅಳತೆ ಮತ್ತು ಪರೀಕ್ಷೆ

೧. ಪೀಠಿಕೆ

ಲೋಕವ್ಯವಹಾರದಲ್ಲಿ ‘ಅಳತೆ’, ‘ಪರೀಕ್ಷೆ’ ಎಂಬೆರಡು ಶಬ್ದಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬಳಸುವ ರೂಢಿಯುಂಟು. ಅರ್ಥವನ್ನು ವಿಚಾರಿಸಿದರೆ ಇವು ಬೇರೆ ಬೇರೆ. ಗೊತ್ತಾದ ಮಾನವೊಂದರೊಡನೆ ವಸ್ತುವನ್ನು ಹೋಲಿಸಿ ಸಂಖ್ಯೆಯನ್ನು ಹೇಳುವುದು ಅಳತೆ. ‘ಪರಿ’ ಎಂಬ ಉಪಸರ್ಗವು ‘ಈಕ್ಷ್’ ಧಾತುವಿಗೆ ಸೇರಿ ಆದ ‘ಪರೀಕ್ಷೆ’ಗೆ ಸುತ್ತಲೂ ನೋಡುವುದು ಎಂದು ಅವಯವಾರ್ಥ. ಕಣಜದ ರಾಗಿ ಎಷ್ಟು ಸೇರು ಎಂಬುದನ್ನು ಅಳತೆ ಹೇಳುತ್ತದೆ. ಅದಕ್ಕೆ ಹುಳು ಹಿಡಿದಿದೆಯೇ, ಮುಗ್ಗಲು ಬಂದಿದೆಯೇ ಎಂಬುದನ್ನು ಸೇರು ಹೇಳಲಾರದು. ಅದಕ್ಕೆ ಕಣ್ಣು, ಮೂಗು, ಕೈ ಮೂರೂ ಬೇಕು.

ಈ ಭೇದವನ್ನು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗಿ ತೋರಿಸಬಲ್ಲ ಸಾಧನಗಳಲ್ಲಿ ಮನೆಯ ಮಾಳಿಗೆಯ ಮೇಲೆ ನಿಲ್ಲಿಸುವ ರೇಡಿಯೋ ಆಂಟೆನಾ ಒಂದು. ಒಂದು ಕೊಳವೆ, ನಾಲ್ಕು ತಂತಿ, ಒಂದು ಕೇಬಲ್ಲು, ಇಷ್ಟೇ ಅದರ ಸಾಮಗ್ರಿ. ಆದರೂ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನಿರ್ಣಯಿಸುವಲ್ಲಿ ಅನುಭವಿಗಳೂ ಎಡವುತ್ತಾರೆ. ಮಾಪಕದ ಮುಳ್ಳು ಒಳ್ಳೆಯ ಅಂಕಿಯ ಮೇಲೆ ನಿಂತಿರುತ್ತದೆ. ಮಾತು ಮಾತ್ರ ಪಕ್ಕದ ಊರಿಗೂ ಮುಟ್ಟುವುದಿಲ್ಲ. ಹೀಗಾಗುವುದೇಕೆ, ಇದನ್ನು ಮನೆಯಲ್ಲಿಯೇ ಕಂಡುಹಿಡಿಯುವ ಬಗೆ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ. ದೃಷ್ಟಾಂತಕ್ಕಾಗಿ ಬೆಂಗಳೂರು–ಕನಕಪುರ ಹೆದ್ದಾರಿಯ ಮೇಲಿರುವ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಒಂದು ಮಹಡಿಯ ಮನೆಯನ್ನು ಕಲ್ಪಿಸಿಕೊಳ್ಳಲಾಗಿದೆ. ಈ ಸ್ಥಳವನ್ನು ಆರಿಸಿಕೊಂಡುದಕ್ಕೆ ಕಾರಣವು ಮುಂದೆ ತಾನಾಗಿ ತಿಳಿದುಬರುತ್ತದೆ.

೨. ಶಬ್ದ ಮತ್ತು ಇತಿಹಾಸ

‘ಆಂಟೆನಾ’ ಎಂಬುದು ಲ್ಯಾಟಿನ್ ಭಾಷೆಯ ಶಬ್ದ. ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರವೆಂದು ಅದರ ಮೂಲಾರ್ಥ. ಅನಂತರ ಕೀಟಗಳ ತಲೆಯ ಮೇಲಿನ ಎಳೆಗಳಿಗೂ ಆ ಹೆಸರು ಸಂದಿತು. ಈ ಎಳೆಗಳಿಗೆ ಕನ್ನಡದಲ್ಲಿ ‘ಕುಡಿಮೀಸೆ’ ಎಂಬ ಅಂದವಾದ ಮಾತುಂಟು. ಕೀಟವು ಕುಡಿಮೀಸೆಯಿಂದ ಸುತ್ತಲನ್ನು ಅರಿಯುವಂತೆ ರೇಡಿಯೋ ಯಂತ್ರವು ಆಂಟೆನಾದಿಂದ ಆಕಾಶವನ್ನು ಅರಿಯುತ್ತದೆ.

ಮನೆಯ ರೇಡಿಯೋ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರ ಮೊದಲ ಪ್ರೇಷಕಯಂತ್ರದ ಸಾಮರ್ಥ್ಯ ೩೦ ವ್ಯಾಟ್ ಮಾತ್ರ. ಇಂದು ಮನೆಯಲ್ಲಿ ಉರಿಯುವ ಒಂದೆರಡು ದೀಪಗಳಷ್ಟು. ‘ಆಕಾಶವಾಣಿ’ ಎಂಬ ಹೆಸರು ಬೆಳೆದುಬಂದುದು ಆ ಮನೆಯಿಂದಲೇ. ಅಲ್ಪಶಕ್ತಿಯಿಂದಲೂ ಧ್ವನಿಯನ್ನು ಮುಟ್ಟಿಸಬಹುದು, ಆದರೆ ಆ ಶಕ್ತಿ ಆಕಾಶಕ್ಕೆ ಸೇರುವ ದಾರಿ ಸರಿಯಾಗಿರಬೇಕು ಎಂಬ ಪಾಠ ಅಂದಿನದೇ.

ಸಾಮಾನ್ಯ ನಾಗರಿಕರು ತಮ್ಮ ತಮ್ಮೊಳಗೆ ಮಾತನಾಡಿಕೊಳ್ಳುವುದಕ್ಕೆಂದು ಅಮೆರಿಕದಲ್ಲಿ ೧೯೫೮ರಲ್ಲಿ ೨೭ ಮೆಗಾಹರ್ಟ್ಸ್ ಸಮೀಪದ ಪಟ್ಟಿಯೊಂದನ್ನು ಬಿಟ್ಟುಕೊಡಲಾಯಿತು. ಇದೇ ಸಿ.ಬಿ. ರೇಡಿಯೋ, ಎಂದರೆ ನಾಗರಿಕ ಪಟ್ಟಿಯ ರೇಡಿಯೋ. ಮೊದಲು ೨೩ ಚಾನೆಲ್‌ಗಳಿದ್ದುವು. ೧೯೭೭ರಿಂದ ೪೦ ಆದವು. ಭಾರತದಲ್ಲಿ ಕೇಂದ್ರ ಸರ್ಕಾರವು ೨೦೦೫ರಲ್ಲಿ ಹೊರಡಿಸಿದ ನಿಯಮಗಳು ೨೬.೯೫೭ರಿಂದ ೨೭.೨೮೩ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ೫ ವ್ಯಾಟ್ ಮಿತಿಯ ಅಲ್ಪಶಕ್ತಿ ಸಾಧನಗಳನ್ನು ಪರವಾನಗಿಯಿಂದ ಮುಕ್ತಗೊಳಿಸಿದುವು. ಅಮೆರಿಕದ ೪೦ ಚಾನೆಲ್‌ಗಳ ಪೈಕಿ ೧ರಿಂದ ೨೭ರವರೆಗಿನವು ಮಾತ್ರ ಈ ಮಿತಿಯೊಳಗೆ ಬೀಳುತ್ತವೆ. ಆದುದರಿಂದ ಹೊರದೇಶದಿಂದ ತಂದ ಯಂತ್ರವನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಈ ಪಟ್ಟಿಯಲ್ಲಿ ಮಾತನಾಡುವವರು ಇತರರಿಗೆ ಅಡಚಣೆ ಮಾಡಕೂಡದು; ಇತರರಿಂದ ತಮಗಾಗುವ ಅಡಚಣೆಯ ವಿರುದ್ಧ ರಕ್ಷಣೆಯನ್ನೂ ಕೇಳಕೂಡದು ಎಂಬುದು ಆ ವಿನಾಯಿತಿಯ ಷರತ್ತು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ವಿನಾಯಿತಿಯು ಅಲ್ಪಶಕ್ತಿಯ ಸಾಧನಕ್ಕೆ ಕೊಟ್ಟುದು. ಮಾಳಿಗೆಯ ಮೇಲೆ ಕಂಬ ನೆಟ್ಟು ಆಂಟೆನಾ ಕಟ್ಟಬಯಸುವವರಿಗೆ ರಾಜಮಾರ್ಗವೆಂದರೆ ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯುವುದು. ಹಾಗೆ ಪಡೆದವರನ್ನು ಲೋಕವು ‘ಹ್ಯಾಮ್’ ಎಂದು ಕರೆಯುತ್ತದೆ. ನಾಗರಿಕ ಪಟ್ಟಿಯ ನೆರೆಯಲ್ಲಿಯೇ ೨೮ರಿಂದ ೨೯.೭ ಮೆಗಾಹರ್ಟ್ಸ್‌ವರೆಗೆ ಹವ್ಯಾಸಿಗಳ ಹತ್ತು ಮೀಟರ್ ಪಟ್ಟಿಯುಂಟು. ಎರಡು ಪಟ್ಟಿಗಳ ಆಂಟೆನಾಗಳೂ ಅಕ್ಕತಂಗಿಯರು. ಬೆಂಗಳೂರಿನಲ್ಲಿ ಹವ್ಯಾಸಿ ರೇಡಿಯೋ ಸಂಘವು ೧೯೫೯ರಿಂದಲೂ ಈ ವಿದ್ಯೆಯನ್ನು ಬೆಳೆಸಿಕೊಂಡು ಬಂದಿದೆ. ಹವ್ಯಾಸಿಗಳಿಗೆಂದೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೨೦೦೫ರ ಮೇ ೫ರಂದು ‘ಹ್ಯಾಮ್‌ಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಅದು ೨೦೧೪ರವರೆಗೆ ಕೆಲಸ ಮಾಡಿತು. ೨೦೦೪ರ ಡಿಸೆಂಬರಿನಲ್ಲಿ ಸುನಾಮಿಯು ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿ ದೂರವಾಣಿಗಳು ಮೂಕವಾದಾಗ, ಆಗ ಅಲ್ಲಿಗೆ ಹೋಗಿದ್ದ ಹವ್ಯಾಸಿಗಳ ತಂಡವು ಆಂಟೆನಾಗಳ ಮೂಲಕವೇ ಬಂಧುಗಳ ಕ್ಷೇಮವಾರ್ತೆಯನ್ನು ಮುಟ್ಟಿಸಿತು. ಅಂಥ ದಿನದಲ್ಲಿ ಆಂಟೆನಾ ಕೆಲಸ ಮಾಡೀತೇ ಎಂಬುದನ್ನು ಆ ದಿನ ಬಂದಮೇಲೆ ತಿಳಿಯುವುದಲ್ಲ, ಮೊದಲೇ ಪರೀಕ್ಷಿಸಿ ತಿಳಿದಿರಬೇಕು.

೩. ಮೂಲತತ್ತ್ವ

ರೇಡಿಯೋ ತರಂಗವು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಆದುದರಿಂದ ೩೦೦ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರವು ಮೀಟರುಗಳಲ್ಲಿ ದೊರೆಯುತ್ತದೆ. ೨೭.೧೨ ಮೆಗಾಹರ್ಟ್ಸಿಗೆ ಇದು ೧೧.೦೬ ಮೀಟರ್, ೨೮.೪ ಮೆಗಾಹರ್ಟ್ಸಿಗೆ ೧೦.೫೬ ಮೀಟರ್. ಮನೆಗಳಲ್ಲಿ ಕಟ್ಟಲು ಸುಲಭವಾದುದು ಇದರ ಕಾಲುಭಾಗದ ಉದ್ದದ ನೆಟ್ಟನೆಯ ಕೊಳವೆ. ಲೋಹದಲ್ಲಿ ತುದಿಯ ಪರಿಣಾಮದಿಂದ ಉದ್ದವನ್ನು ಸುಮಾರು ನೂರಕ್ಕೆ ಐದರಷ್ಟು ತಗ್ಗಿಸಬೇಕಾಗುತ್ತದೆ. ಹಾಗೆ ತಗ್ಗಿಸಿದರೆ ೨೭.೧೨ಕ್ಕೆ ೨.೬೩ ಮೀಟರ್, ೨೮.೪ಕ್ಕೆ ೨.೫೧ ಮೀಟರ್ ಆಗುತ್ತದೆ.

ಕಾಲುತರಂಗದ ಕೊಳವೆಯು ಅರ್ಧ ಆಂಟೆನಾ. ಮಿಕ್ಕ ಅರ್ಧವನ್ನು ಅದರ ಬುಡದಿಂದ ಹರಡುವ, ಅಷ್ಟೇ ಉದ್ದದ ನಾಲ್ಕು ತಂತಿಗಳು ಪೂರೈಸುತ್ತವೆ. ಭೂಮಿಯೇ ಆ ಕೆಲಸವನ್ನು ಮಾಡಲಾರದೇ ಎಂದು ಕೇಳಬಹುದು. ರಾಮನಗರ ಸೀಮೆಯ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಕ್ಲೋಸ್‌ಪೇಟೆ. ಇಂಥ ಒಣ ಕಲ್ಲುನೆಲವು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದಿಲ್ಲ. ಆದುದರಿಂದ ಈ ಸೀಮೆಯಲ್ಲಿ ನೆಲವನ್ನು ನಂಬದೆ, ಮಾಳಿಗೆಯ ಎತ್ತರದಲ್ಲಿಯೇ ತಂತಿಗಳನ್ನು ಹರಡುವುದು ಯುಕ್ತ. ತಂತಿಗಳು ಸಮತಲವಾಗಿದ್ದರೆ ಆಂಟೆನಾದ ಬುಡದಲ್ಲಿ ತೋರುವ ರೋಧ ಸುಮಾರು ೩೬ ಓಮ್. ಅವನ್ನು ೪೫ ಅಂಶ ಕೆಳಕ್ಕೆ ಇಳಿಬಿಟ್ಟರೆ ಅದು ೫೦ ಓಮಿನ ಸಮೀಪಕ್ಕೆ ಬರುತ್ತದೆ. ಕೇಬಲ್ಲಿನ ಗುಣರೋಧವೂ ೫೦ ಓಮ್ ಆಗಿರುವುದರಿಂದ ಎರಡಕ್ಕೂ ಹೊಂದಿಕೆಯಾಗುತ್ತದೆ.

ಹೊಂದಿಕೆಯಿಲ್ಲದಿದ್ದರೆ ಕೇಬಲ್ಲಿನಲ್ಲಿ ಹೋದ ತರಂಗದ ಒಂದು ಪಾಲು ಆಂಟೆನಾದಿಂದ ಹಿಂದಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಕೇಬಲ್ಲಿನಲ್ಲಿ ಸ್ಥಾಯೀ ತರಂಗವಾಗುತ್ತದೆ. ಅದರ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ವೋಲ್ಟೇಜಿನ ಅನುಪಾತವೇ ಎಸ್.ಡಬ್ಲ್ಯು.ಆರ್. ಹಿಂದಿರುಗುವುದು ಏನೂ ಇಲ್ಲದಿದ್ದರೆ ಅನುಪಾತ ೧. ಕಳುಹಿಸಿದ ೧೦ ವ್ಯಾಟಿನಲ್ಲಿ, ಅನುಪಾತ ೧.೫ ಆದರೆ ೦.೪ ವ್ಯಾಟ್, ೨ ಆದರೆ ೧.೧ ವ್ಯಾಟ್, ೩ ಆದರೆ ೨.೫ ವ್ಯಾಟ್ ಹಿಂದಕ್ಕೆ ಬರುತ್ತದೆ. ಹಿಂದಿರುಗಿದುದೆಲ್ಲ ನಷ್ಟವಾಯಿತೆಂದು ತಿಳಿಯಬಾರದು. ಅದರ ಬಹುಪಾಲು ಪುನಃ ಆಂಟೆನಾದ ಕಡೆಗೇ ತಿರುಗುತ್ತದೆ. ಆದರೆ ಅನುಪಾತ ೩ನ್ನು ಮೀರಿದರೆ ಪ್ರೇಷಕಯಂತ್ರದ ಕೊನೆಯ ಟ್ರಾನ್ಸಿಸ್ಟರಿಗೆ ಅಪಾಯವುಂಟು. ೧.೫ಕ್ಕಿಂತ ಕೆಳಗಿದ್ದರೆ ಅದನ್ನು ೧.೧ಕ್ಕೆ ಇಳಿಸಲು ದಿನಗಟ್ಟಲೆ ಹೆಣಗುವುದು ವ್ಯರ್ಥಶ್ರಮ.

೪. ಅಳತೆಯ ಕ್ರಮ

ಬೇಕಾದ ಉಪಕರಣಗಳು ಹೆಚ್ಚಿನವಲ್ಲ: ಒಂದು ಟೇಪು, ಒಂದು ಮಲ್ಟಿಮೀಟರ್, ಒಂದು ಎಸ್.ಡಬ್ಲ್ಯು.ಆರ್. ಮೀಟರ್, ೫೦ ಓಮಿನ ಒಂದು ಡಮ್ಮಿ ಲೋಡ್. ಈಚೆಗೆ ‘ನ್ಯಾನೋವಿಎನ್‌ಎ’ ಎಂಬ ಅಂಗೈಯಗಲದ ವಿಶ್ಲೇಷಕವೂ ಅಗ್ಗವಾಗಿ ದೊರೆಯುತ್ತಿದ್ದು, ಅತ್ಯಲ್ಪ ಶಕ್ತಿಯಿಂದಲೇ ಪಟ್ಟಿಯ ಉದ್ದಕ್ಕೂ ಅನುಪಾತವನ್ನು ರೇಖೆಯಾಗಿ ತೋರಿಸುತ್ತದೆ. ಆದರೆ ಅಳೆಯುವ ಮುನ್ನ ಅದನ್ನು ತೆರೆದ ತುದಿ, ಕೂಡಿಸಿದ ತುದಿ, ೫೦ ಓಮಿನ ಭಾರ ಎಂಬ ಮೂರು ಗೊತ್ತಾದ ಸ್ಥಿತಿಗಳಿಂದ ಸರಿಪಡಿಸಿಕೊಳ್ಳಬೇಕು. ತಕ್ಕಡಿಯ ಮುಳ್ಳನ್ನು ನೋಡದೆ ತೂಕ ಮಾಡುವ ವ್ಯಾಪಾರಿಯಂತೆ ಈ ಕೆಲಸವನ್ನು ಬಿಟ್ಟು ಅಳೆಯುವವನಿಗೆ ದೊರೆಯುವುದು ಅಂಕಿಯೇ ಹೊರತು ಅಳತೆಯಲ್ಲ.

ಮೊದಲನೆಯದಾಗಿ, ಯಂತ್ರವನ್ನು ಜೋಡಿಸುವ ಮುನ್ನ ಕೇಬಲ್ಲನ್ನು ಮಲ್ಟಿಮೀಟರಿನಿಂದ ನೋಡಬೇಕು. ಇಲ್ಲಿ ಹೇಳಿದ ಸರಳ ಆಂಟೆನಾದಲ್ಲಿ ಒಳತಂತಿಗೂ ಹೊರಜಾಲಕ್ಕೂ ಸಂಪರ್ಕ ತೋರಬಾರದು. ಬುಡದಲ್ಲಿ ಸುರುಳಿಯಿರುವ ಕೆಲವು ಆಂಟೆನಾಗಳಲ್ಲಿ ಸಂಪರ್ಕ ತೋರುವುದೇ ಸಹಜ. ಆದುದರಿಂದ ಕಟ್ಟಿದ ಬಗೆಯನ್ನು ಅರಿತು ತೀರ್ಮಾನಿಸಬೇಕು.

ಎರಡನೆಯದಾಗಿ, ಆಂಟೆನಾವನ್ನು ಅದು ಕೊನೆಗೆ ನಿಲ್ಲಬೇಕಾದ ಸ್ಥಳದಲ್ಲಿಯೇ ಅಳೆಯಬೇಕು. ಅಂಗಳದಲ್ಲಿ ಆಳೆತ್ತರಕ್ಕೆ ನಿಲ್ಲಿಸಿ ಸರಿಪಡಿಸಿದ ಆಂಟೆನಾವು ಮಾಳಿಗೆಗೆ ಏರಿದೊಡನೆ ಬೇರೆ ಅಂಕಿಯನ್ನು ಕೊಡುತ್ತದೆ. ನೀರಿನ ತೊಟ್ಟಿಯ ಕಬ್ಬಿಣ, ತಗಡಿನ ಚಾವಣಿ, ಬಟ್ಟೆ ಒಣಹಾಕುವ ತಂತಿ ಇವೆಲ್ಲವೂ ಆಂಟೆನಾದ ನೆರೆಹೊರೆಯಾಗಿ ಅದರ ಗುಣವನ್ನು ತಿದ್ದುತ್ತವೆ. ಅಳೆಯುವವರು ಕೊಳವೆಯ ಪಕ್ಕದಲ್ಲಿ ನಿಂತಿದ್ದರೂ ಅಂಕಿ ಬದಲಾಗುತ್ತದೆ.

ಮೂರನೆಯದಾಗಿ, ಪಟ್ಟಿಯ ಒಂದೇ ಬಿಂದುವಿನಲ್ಲಿ ಅಳೆಯದೆ ಕೆಳಗೆ, ನಡುವೆ, ಮೇಲೆ ಎಂದು ಮೂರು ಕಡೆ ಅಳೆದು ಬರೆದಿಡಬೇಕು. ದೃಷ್ಟಾಂತಕ್ಕೆ, ಪರವಾನಗಿಯುಳ್ಳ ಹವ್ಯಾಸಿಯೊಬ್ಬನು ೨೮.೪ ಮೆಗಾಹರ್ಟ್ಸಿಗಾಗಿ ೨.೫೫ ಮೀಟರ್ ಕೊಳವೆಯನ್ನು ನಿಲ್ಲಿಸಿದನೆಂದು ಭಾವಿಸಬಹುದು. ಮಾಪಕವು ೨೮.೦ರಲ್ಲಿ ೧.೨, ೨೮.೪ರಲ್ಲಿ ೧.೫, ೨೮.೮ರಲ್ಲಿ ೧.೯ ಎಂದು ತೋರಿಸಿತು. ಆವರ್ತಾಂಕ ಏರಿದಂತೆ ಅನುಪಾತವೂ ಏರುತ್ತಿರುವುದರಿಂದ ಕೊಳವೆಯು ಉದ್ದವಾಗಿದೆ ಎಂದು ತಿಳಿಯಬೇಕು. ಇದಕ್ಕೆ ವಿಪರೀತವಾಗಿದ್ದರೆ ಗಿಡ್ಡವಾಗಿದೆ ಎಂದರ್ಥ. ಅನುಪಾತದ ಕನಿಷ್ಠ ಬಿಂದು ೨೮.೦ರಲ್ಲಿದ್ದರೆ ಬೇಕಾದ ಉದ್ದ ೨.೫೫ × ೨೮.೦ ÷ ೨೮.೪, ಎಂದರೆ ೨.೫೧ ಮೀಟರ್, ಸುಮಾರು ೪ ಸೆಂಟಿಮೀಟರ್ ತೆಗೆಯಬೇಕು. ಆದರೆ ಒಮ್ಮೆಗೇ ನಾಲ್ಕನ್ನೂ ಕತ್ತರಿಸದೆ, ಎರಡು ಸೆಂಟಿಮೀಟರ್ ತೆಗೆದು ಪುನಃ ಅಳೆಯುವುದು ವಿವೇಕ. ಕತ್ತರಿಸಿದ ಲೋಹ ಮತ್ತೆ ಬೆಳೆಯುವುದಿಲ್ಲ ಎಂಬುದನ್ನು ಅಕ್ಕಸಾಲಿಗರು ಬಲ್ಲರು.

ಪ್ರಸಾರ ಮಾಡಿ ಅಳೆಯುವಾಗ ಕನಿಷ್ಠ ಶಕ್ತಿಯನ್ನು ಬಳಸಬೇಕು. ಆ ಆವರ್ತಾಂಕದಲ್ಲಿ ಯಾರೂ ಮಾತನಾಡುತ್ತಿಲ್ಲವೆಂದು ಮೊದಲು ಆಲಿಸಬೇಕು. ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಇದು ನಿಯಮವೂ ಹೌದು, ಸೌಜನ್ಯವೂ ಹೌದು.

೫. ಅಂಕಿಯು ಮೋಸಗೊಳಿಸುವ ಬಗೆ

ಇಲ್ಲಿಯವರೆಗೆ ಹೇಳಿದುದು ಅಳತೆ. ಇದರಿಂದಲೇ ಆಂಟೆನಾ ಚೆನ್ನಾಗಿದೆಯೆಂದು ನಿರ್ಣಯಿಸಬಹುದೇ ಎಂದರೆ ಇಲ್ಲ. ಅದಕ್ಕೆ ಡಮ್ಮಿ ಲೋಡೇ ಸಾಕ್ಷಿ. ಅದನ್ನು ಕೇಬಲ್ಲಿನ ತುದಿಗೆ ಸಿಕ್ಕಿಸಿದರೆ ಅನುಪಾತ ೧ ಎಂದು ಬರುತ್ತದೆ. ಅದಕ್ಕಿಂತ ಉತ್ತಮ ಅಂಕಿಯಿಲ್ಲ. ಆದರೆ ಅದು ಶಕ್ತಿಯನ್ನೆಲ್ಲ ಶಾಖವಾಗಿ ನುಂಗುತ್ತದೆ. ಎದುರು ಮನೆಗೂ ಮಾತನ್ನು ಮುಟ್ಟಿಸುವುದಿಲ್ಲ. ಹಿಂದಿರುಗಿದುದೆಷ್ಟು ಎಂಬುದನ್ನಷ್ಟೇ ಮಾಪಕವು ಹೇಳುತ್ತದೆ. ಹಿಂದಿರುಗದೆ ಉಳಿದುದು ಆಕಾಶಕ್ಕೆ ಹೋಯಿತೋ, ತುಕ್ಕು ಹಿಡಿದ ಕೀಲಿನಲ್ಲಿ ಬಿಸಿಯಾಗಿ ಹೋಯಿತೋ ಎಂಬುದು ಅದಕ್ಕೆ ತಿಳಿಯದು.

ಎರಡನೆಯ ಮೋಸ ಕೇಬಲ್ಲಿನದು. ಮಾಳಿಗೆಯಿಂದ ಕೋಣೆಗೆ ಬರುವ ೩೦ ಮೀಟರ್ ತೆಳುಕೇಬಲ್ಲಿನಲ್ಲಿ ಒಂದು ದಿಕ್ಕಿನ ನಷ್ಟ ೨.೪ ಡೆಸಿಬೆಲ್ ಎಂದು ಹಿಡಿದರೆ, ಕೋಣೆಯಿಂದ ಹೊರಟ ೪ ವ್ಯಾಟಿನಲ್ಲಿ ಆಂಟೆನಾವನ್ನು ಸೇರುವುದು ೨.೩ ವ್ಯಾಟ್ ಮಾತ್ರ. ಮೇಲೆ ಅನುಪಾತ ೩ ಎಂದಿದ್ದು ಶಕ್ತಿಯ ಕಾಲುಭಾಗ ಹಿಂದಿರುಗಿದರೆ, ಆ ಹಿಂದಿರುಗುವ ಅಲೆಯೂ ಕೇಬಲ್ಲಿನಲ್ಲಿ ಅಷ್ಟೇ ಸೊರಗುತ್ತದೆ. ಪರಿಣಾಮವಾಗಿ ಕೋಣೆಯ ಮಾಪಕದಲ್ಲಿ ಅನುಪಾತವು ೩ರ ಬದಲು ೧.೮ ಎಂದು ತೋರುತ್ತದೆ. ಕೇಬಲ್ಲು ಕೆಟ್ಟಷ್ಟೂ ಅಂಕಿ ಅಂದವಾಗುತ್ತದೆ. ಆದುದರಿಂದ ಮಳೆಗಾಲ ಕಳೆದ ಬಳಿಕ ಅನುಪಾತವು ತಾನಾಗಿ ಉತ್ತಮಗೊಂಡಿದ್ದರೆ ಸಂತೋಷಪಡುವ ಬದಲು, ಜೋಡಣೆಯಲ್ಲಿ ನೀರು ಸೇರಿದೆಯೇ ಎಂದು ಸಂಶಯಪಡಬೇಕು.

ಇದಕ್ಕೆ ಪರಿಹಾರ ಸುಲಭ. ಕೇಬಲ್ಲಿನ ಮೇಲ್ತುದಿಯನ್ನು ಆಂಟೆನಾದಿಂದ ಬಿಚ್ಚಿ ತೆರೆದಿಟ್ಟು, ಕೆಳತುದಿಯಲ್ಲಿ ವಿಶ್ಲೇಷಕದಿಂದ ಹಿಂದಿರುಗುವಿಕೆಯ ನಷ್ಟವನ್ನು ಅಳೆಯಬೇಕು. ತೆರೆದ ತುದಿಯಿಂದ ಎಲ್ಲವೂ ಹಿಂದಿರುಗುವುದರಿಂದ, ದೊರೆತ ಡೆಸಿಬೆಲ್ ಸಂಖ್ಯೆ ಹೋಗುವ ಬರುವ ಎರಡು ಪ್ರಯಾಣಗಳ ನಷ್ಟವಾಗಿರುತ್ತದೆ. ಅದರ ಅರ್ಧವೇ ಕೇಬಲ್ಲಿನ ನಷ್ಟ. ಮೇಲಿನ ದೃಷ್ಟಾಂತದಲ್ಲಿ ೪.೮ ದೊರೆಯಬೇಕು. ವರ್ಷಕ್ಕೊಮ್ಮೆ ಇದನ್ನು ಬರೆದಿಟ್ಟರೆ ಕೇಬಲ್ಲಿನ ಮುಪ್ಪು ಕಣ್ಣಿಗೆ ಕಾಣುತ್ತದೆ.

ಮೂರನೆಯ ಮೋಸವೆಂದರೆ ಕೇಬಲ್ಲಿನ ಹೊರಜಾಲವೇ ಆಂಟೆನಾ ಆಗಿಬಿಡುವುದು. ಕೋಣೆಯಲ್ಲಿ ಕೇಬಲ್ಲನ್ನು ಕೈಯಿಂದ ಹಿಡಿದಾಗ ಅಥವಾ ಸರಿಸಿದಾಗ ಅನುಪಾತ ಬದಲಾದರೆ ಈ ದೋಷವಿದೆಯೆಂದು ತಿಳಿಯಬೇಕು. ಆಂಟೆನಾದ ಬುಡದಲ್ಲಿ ಕೇಬಲ್ಲನ್ನು ಐದಾರು ಸುತ್ತು ಸುರುಳಿ ಮಾಡಿ ಕಟ್ಟಿದರೆ ಬಹುಮಟ್ಟಿಗೆ ಇದು ಶಮನವಾಗುತ್ತದೆ.

೬. ಕಿವಿಯ ಪರೀಕ್ಷೆ

ಇನ್ನು ಪರೀಕ್ಷೆ. ಹಾರೋಹಳ್ಳಿಯನ್ನು ದೃಷ್ಟಾಂತವಾಗಿ ಆರಿಸಿದ ಕಾರಣ ಇಲ್ಲಿದೆ. ನಾಗರಿಕ ಪಟ್ಟಿಗೆಂದು ೨೦೦೫ರಲ್ಲಿ ಹೇಳಿದ ೨೬.೯೫೭–೨೭.೨೮೩ ಎಂಬ ಎಲ್ಲೆಗಳ ಸರಿಯಾದ ನಡುಬಿಂದು ೨೭.೧೨ ಮೆಗಾಹರ್ಟ್ಸ್. ಇದು ಆಕಸ್ಮಿಕವಲ್ಲ. ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆಂದು ಅಂತರರಾಷ್ಟ್ರೀಯ ಒಡಂಬಡಿಕೆಯಿಂದ ಮೀಸಲಾದ ಪಟ್ಟಿಯೂ ಇದೇ. ಪ್ಲಾಸ್ಟಿಕ್ ಹಾಳೆಗಳನ್ನು ಬೆಸೆಯುವ, ಮರದ ಅಂಟನ್ನು ಒಣಗಿಸುವ ರೇಡಿಯೋಶಾಖದ ಯಂತ್ರಗಳು ಸಾಮಾನ್ಯವಾಗಿ ೨೭.೧೨ ಮೆಗಾಹರ್ಟ್ಸಿನಲ್ಲಿ ಕಿಲೋವ್ಯಾಟುಗಳ ಶಕ್ತಿಯಿಂದ ನಡೆಯುತ್ತವೆ. ಅಂದರೆ ೫ ವ್ಯಾಟಿನ ಮಾತು ಮತ್ತು ಸಾವಿರಾರು ವ್ಯಾಟಿನ ಯಂತ್ರ ಎರಡಕ್ಕೂ ಒಂದೇ ಅಂಗಳ. ರಕ್ಷಣೆಯನ್ನು ಕೇಳಕೂಡದು ಎಂಬ ಷರತ್ತಿನ ತಾತ್ಪರ್ಯ ಈಗ ಸ್ಪಷ್ಟವಾಗುತ್ತದೆ.

ಇಂಥ ಯಂತ್ರವು ನೆರೆಯಲ್ಲಿ ಇಲ್ಲದಿದ್ದರೂ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಬೆಸುಗೆ, ಮೋಟಾರುಗಳ ವೇಗ ನಿಯಂತ್ರಕ, ಸಡಿಲವಾದ ಇನ್ಸುಲೇಟರ್ ಇವುಗಳಿಂದ ಗದ್ದಲವುಂಟು. ಆದುದರಿಂದ ಇಲ್ಲಿ ಆಂಟೆನಾವನ್ನು ಮಾಪಕದಿಂದ ಅಳೆದಷ್ಟೇ ಶ್ರದ್ಧೆಯಿಂದ ಕಿವಿಯಿಂದಲೂ ಪರೀಕ್ಷಿಸಬೇಕು.

ಕ್ರಮ ಹೀಗೆ: ಗ್ರಾಹಕಕ್ಕೆ ಮೊದಲು ಡಮ್ಮಿ ಲೋಡ್ ಸಿಕ್ಕಿಸಿ ಎಸ್-ಮೀಟರಿನ ಅಂಕಿಯನ್ನು ಬರೆಯಬೇಕು. ಬಳಿಕ ಆಂಟೆನಾವನ್ನು ಸಿಕ್ಕಿಸಿ ಪುನಃ ಬರೆಯಬೇಕು. ಎರಡಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಆಂಟೆನಾ ಅಥವಾ ಕೇಬಲ್ಲು ಕಿವುಡಾಗಿದೆ ಎಂದು ಶಂಕಿಸಬೇಕು. ವ್ಯತ್ಯಾಸ ಅತಿಯಾಗಿದ್ದರೆ ಸುತ್ತಣ ಗದ್ದಲ ಹೆಚ್ಚು. ಈ ಮಾಪಕದ ಒಂದೊಂದು ಅಂಕಕ್ಕೆ ಶಕ್ತಿಯು ನಾಲ್ಕು ಪಟ್ಟಾಗುತ್ತದೆ ಎಂಬುದು ರೂಢಿಯ ಮಾನ. ಗದ್ದಲವು ೩ರಿಂದ ೭ಕ್ಕೆ ಏರಿತೆಂದರೆ ನಾಲ್ಕನ್ನು ನಾಲ್ಕು ಸಲ ಗುಣಿಸಿದಂತೆ ೨೫೬ ಪಟ್ಟು ಏರಿದಂತಾಯಿತು. ಆದರೆ ಪ್ರೇಷಕದ ಶಕ್ತಿಯನ್ನು ದ್ವಿಗುಣಗೊಳಿಸಿದರೂ ದೂರದ ಕೇಳುಗನ ಮಾಪಕದಲ್ಲಿ ಏರುವುದು ಅರ್ಧ ಅಂಕ ಮಾತ್ರ. ಆದುದರಿಂದ ನಿಯಮವನ್ನು ಮೀರಿ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಗದ್ದಲವನ್ನು ತಗ್ಗಿಸುವುದೇ ಲಾಭಕರ.

ಗದ್ದಲದ ಮೂಲವನ್ನು ಹುಡುಕುವ ಬಗೆಯೂ ಸರಳವೇ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ಪಾಳಿ ಆರಂಭವಾದೊಡನೆ ಏರಿ, ರಜಾದಿನದಂದು ಇಳಿದರೆ ಮೂಲವು ಕಾರ್ಖಾನೆಯ ಕಡೆಯದು. ದಿನವಿಡೀ ಒಂದೇ ಸಮನಾಗಿದ್ದರೆ ಯಂತ್ರವನ್ನು ೧೨ ವೋಲ್ಟಿನ ಬ್ಯಾಟರಿಯಿಂದ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಬೇಕು. ಗದ್ದಲ ಒಮ್ಮೆಗೇ ನಿಂತುಹೋದರೆ ಕಳ್ಳನು ಮನೆಯೊಳಗೇ ಇದ್ದಾನೆಂದಾಯಿತು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಯುಪಿಎಸ್ ಇವುಗಳಲ್ಲಿ ಯಾವುದೆಂದು ಒಂದೊಂದಾಗಿ ಹಾಕಿ ನೋಡಿ ಹಿಡಿಯಬಹುದು. ಊರಿನ ಕಾರ್ಖಾನೆಯನ್ನು ದೂರುವ ಮುನ್ನ ಮನೆಯ ದೀಪವನ್ನು ಪರೀಕ್ಷಿಸುವುದು ಒಳ್ಳೆಯ ನೆರೆಯವನ ಲಕ್ಷಣ.

೭. ದೂರದ ಪರೀಕ್ಷೆ

ಕೊನೆಯದಾಗಿ ಆಂಟೆನಾವು ಶಕ್ತಿಯನ್ನು ನಿಜವಾಗಿ ಹೊರಕ್ಕೆ ಬೀರುತ್ತಿದೆಯೇ ಎಂಬುದನ್ನು ಹೊರಗಿನಿಂದಲೇ ನೋಡಬೇಕು. ಒಂದು ಜರ್ಮೇನಿಯಂ ಡಯೋಡ್, ಒಂದು ಮೈಕ್ರೋ ಆಂಪಿಯರ್ ಮೀಟರ್, ಒಂದು ಸಣ್ಣ ಕೆಪಾಸಿಟರ್, ಮೊಳದುದ್ದದ ತಂತಿ ಇಷ್ಟರಿಂದ ಕ್ಷೇತ್ರಬಲ ಮಾಪಕವೊಂದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಕಟ್ಟಬಲ್ಲನು, ಬ್ಯಾಟರಿಯೂ ಬೇಡ. ಮನೆಯ ಸುತ್ತ ಮೂವತ್ತು ಮೀಟರ್ ದೂರದಲ್ಲಿ ಎಂಟು ದಿಕ್ಕುಗಳಲ್ಲಿ ಗುರುತುಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಮಾಪಕವನ್ನು ಒಂದೇ ಎತ್ತರದಲ್ಲಿ, ಒಂದೇ ರೀತಿಯಲ್ಲಿ ಹಿಡಿದು ಅಂಕಿಯನ್ನು ಬರೆಯಬೇಕು. ಅಷ್ಟು ದೂರದಲ್ಲಿ ಮುಳ್ಳು ಏಳದಿದ್ದರೆ ತಂತಿಯನ್ನು ಉದ್ದಮಾಡಬಹುದು. ಇಲ್ಲಿ ಅಂಕಿಯ ಗಾತ್ರ ಮುಖ್ಯವಲ್ಲ, ಹೋಲಿಕೆ ಮುಖ್ಯ. ಒಂದು ದಿಕ್ಕಿನಲ್ಲಿ ಮಾತ್ರ ಮುಳ್ಳು ಕುಸಿದರೆ ಅತ್ತ ನೀರಿನ ತೊಟ್ಟಿಯೋ ತಗಡೋ ಅಡ್ಡವಾಗಿದೆ. ಆಂಟೆನಾವನ್ನು ತಿದ್ದಿದ ಬಳಿಕ ಅನುಪಾತ ಇಳಿದು, ಕ್ಷೇತ್ರಬಲವೂ ಇಳಿದಿದ್ದರೆ ಆ ತಿದ್ದುಪಡಿ ತಿದ್ದುಪಡಿಯಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬುದು ಎಲ್ಲ ಪ್ರಯೋಗಗಳ ಪ್ರಥಮ ಸೂತ್ರ.

ಅನಂತರ ದೂರ. ಆಂಟೆನಾದ ಎತ್ತರ ಮೀಟರುಗಳಲ್ಲಿ ಎಷ್ಟೋ ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ಬಯಲುನೆಲದಲ್ಲಿ ರೇಡಿಯೋ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ೯ ಮೀಟರ್ ಎತ್ತರಕ್ಕೆ ಇದು ಸುಮಾರು ೧೨ ಕಿಲೋಮೀಟರ್. ಆದರೆ ಕಲ್ಲುಗುಡ್ಡಗಳ ಈ ಸೀಮೆಯು ಬಯಲಲ್ಲ. ಪರವಾನಗಿಯುಳ್ಳ ಗೆಳೆಯನೊಬ್ಬನು ಕೈಯಂತ್ರದೊಡನೆ ಹೆದ್ದಾರಿಯ ಉದ್ದಕ್ಕೂ ಸಾಗಿ, ಅಲ್ಲಲ್ಲಿ ನಿಂತು, ಕೇಳಿಸಿದುದನ್ನು ಬರೆದು ತಂದರೆ ಒಂದು ನಕ್ಷೆ ಸಿದ್ಧವಾಗುತ್ತದೆ. ಆಪತ್ತಿನ ದಿನ ಯಾವ ಊರಿಗೆ ಮಾತು ಮುಟ್ಟೀತು, ಯಾವ ಗುಡ್ಡದ ಹಿಂದೆ ಮುಟ್ಟದು ಎಂಬುದನ್ನು ಆ ನಕ್ಷೆಯೇ ಹೇಳುತ್ತದೆ.

ಒಂದು ಎಚ್ಚರ: ೨೭–೨೮ ಮೆಗಾಹರ್ಟ್ಸಿನ ಅಲೆಗಳು ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಅಯಾನುಗೋಳದಿಂದ ಪ್ರತಿಫಲಿಸಿ ಸಾವಿರಾರು ಕಿಲೋಮೀಟರ್ ದೂರ ಬೀಳುತ್ತವೆ. ಈ ಚಟುವಟಿಕೆ ಸುಮಾರು ೧೧ ವರ್ಷಗಳಿಗೊಮ್ಮೆ ಏರಿಳಿಯುತ್ತದೆ. ಅಂಥ ದಿನ ಪರದೇಶದ ಧ್ವನಿ ಕೇಳಿಸಿತೆಂದು ಆಂಟೆನಾವನ್ನು ಹೊಗಳುವುದು, ಹುಣ್ಣಿಮೆಯ ರಾತ್ರಿ ದಾರಿ ಕಂಡಿತೆಂದು ಲಾಂದ್ರವನ್ನು ಹೊಗಳಿದಂತೆ. ನೆರೆಯೂರಿನ ಮಾತನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕು.

೮. ಪ್ರಾಣರಕ್ಷಣೆಯ ವಿಚಾರ

ಮೇಲಿನ ಎಲ್ಲ ಮಾತಿಗಿಂತ ಮುಖ್ಯವಾದುದು ಇದು. ಕೈಗಾರಿಕಾ ಪ್ರದೇಶಗಳ ಸುತ್ತ ಉಚ್ಚ ವೋಲ್ಟೇಜಿನ ವಿದ್ಯುತ್ ತಂತಿಗಳು ಮನೆಗಳ ಸಮೀಪದಲ್ಲಿಯೇ ಹಾಯುವುದುಂಟು. ಲೋಹದ ಕಂಬವನ್ನು ಎತ್ತುವಾಗ ಅದು ಕೈಜಾರಿ ತಂತಿಗೆ ತಾಗಿದರೆ ಕಂಬ ಹಿಡಿದವರೆಲ್ಲರ ಪ್ರಾಣಕ್ಕೂ ಅಪಾಯ. ಆದುದರಿಂದ ಕಂಬ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು ದೂರವನ್ನು ಮೊದಲು ಟೇಪಿನಿಂದ ಅಳೆದ ಮೇಲೆಯೇ ಸ್ಥಳವನ್ನು ನಿರ್ಧರಿಸತಕ್ಕದ್ದು. ಸ್ಥಳವಿಲ್ಲದಿದ್ದರೆ ಆಂಟೆನಾ ಬೇಡ. ಒಬ್ಬರೇ ಎತ್ತಕೂಡದು, ಮಕ್ಕಳಿಂದ ಎತ್ತಿಸಕೂಡದು, ಗಾಳಿಯಲ್ಲಿ, ಮಳೆಯಲ್ಲಿ ಎತ್ತಕೂಡದು.

ಏಪ್ರಿಲ್–ಮೇ ತಿಂಗಳುಗಳ ಸಂಜೆ ಗುಡುಗು ಸಿಡಿಲುಗಳ ಕಾಲ. ಮೋಡ ಕವಿಯುವ ಮುನ್ನವೇ ಕೇಬಲ್ಲನ್ನು ಯಂತ್ರದಿಂದ ಬಿಚ್ಚಿ ಮನೆಯ ಹೊರಗಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟುವುದು ಅವಿವೇಕ. ಕಂಬಕ್ಕೆ ಅರ್ತಿಂಗ್ ಮಾಡಿಸಬೇಕು. ಕಲ್ಲುನೆಲದಲ್ಲಿ ಒಂದು ಸರಳನ್ನು ಹೂಳಿದ ಮಾತ್ರಕ್ಕೆ ಕೆಲಸವಾಗದು. ಬಲ್ಲ ವಿದ್ಯುತ್ ಕೆಲಸಗಾರರಿಂದ ಆಳವಾದ ಗುಂಡಿ ತೋಡಿಸಿ, ಅದರ ರೋಧವನ್ನು ಅಳೆಸಿ ನೋಡಬೇಕು. ಪ್ರಸಾರ ನಡೆಯುವಾಗ ಕೊಳವೆಯನ್ನು ಯಾರೂ ಮುಟ್ಟದಂತೆ ಎಚ್ಚರ ವಹಿಸಬೇಕು. ಅಲ್ಪಶಕ್ತಿಯಿದ್ದರೂ ಬೆರಳು ಸುಟ್ಟೀತು.

೯. ಉಪಸಂಹಾರ

ಸಂಸ್ಕೃತದ ‘ಪ್ರಮಾಣ’ ಶಬ್ದಕ್ಕೆ ಅಳತೆಯೆಂಬ ಅರ್ಥವೂ ಉಂಟು, ಯಥಾರ್ಥಜ್ಞಾನಕ್ಕೆ ಸಾಧನವೆಂಬ ಅರ್ಥವೂ ಉಂಟು. ಅಳತೆ ಮಾತ್ರದಿಂದ ಜ್ಞಾನವಾಗುವುದಿಲ್ಲ, ಅಳತೆಯನ್ನು ಬಿಟ್ಟೂ ಜ್ಞಾನವಾಗುವುದಿಲ್ಲ ಎಂಬುದನ್ನು ಒಂದೇ ಶಬ್ದದಲ್ಲಿ ಹಿಡಿದಿಟ್ಟ ಪೂರ್ವಿಕರ ಬುದ್ಧಿ ಮೆಚ್ಚತಕ್ಕದ್ದು. ಆಂಟೆನಾದ ವಿಷಯದಲ್ಲಿ ಮಾಪಕದ ಅನುಪಾತ ಮೊದಲ ಮೆಟ್ಟಿಲು. ಕಿವಿಯ ಸಾಕ್ಷ್ಯ ಎರಡನೆಯದು. ಹೊರಗೆ ನಿಂತು ಕೇಳಿದವರ ಮಾತು ಮೂರನೆಯದು. ಮೂರೂ ಒಪ್ಪಿದಾಗ ಮಾತ್ರ ಆಂಟೆನಾ ಚೆನ್ನಾಗಿದೆ ಎನ್ನಬಹುದು.

ಈ ಪಾಠವನ್ನು ಶಾಲೆಯ ಆವರಣದಲ್ಲಿಯೇ ಕಲಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಒಂದು ವಿಶ್ಲೇಷಕ, ಒಂದು ಗ್ರಾಹಕ, ಕೆಲವು ಮಾರು ಕೇಬಲ್ಲು ಇದ್ದರೆ ಪ್ರಸಾರವನ್ನೇ ಮಾಡದೆ ಅರ್ಧಕ್ಕಿಂತ ಹೆಚ್ಚಿನ ಪ್ರಯೋಗಗಳನ್ನು ಮಾಡಿಸಬಹುದು. ಹನ್ನೆರಡು ವರ್ಷ ತುಂಬಿದ ವಿದ್ಯಾರ್ಥಿಗಳು ಹವ್ಯಾಸಿ ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯುವುದಕ್ಕೂ ಅವಕಾಶ ಕಲ್ಪಿತವಾಗಿದೆ. ವಿಜ್ಞಾನದ ಅಧ್ಯಾಪಕರು ದಾರಿ ತೋರಿಸಿ, ಹಳೆಯ ವಿದ್ಯಾರ್ಥಿಗಳಲ್ಲಿ ಕಾರ್ಖಾನೆಗಳ ವಿದ್ಯುತ್ ವಿಭಾಗಗಳಲ್ಲಿ ನುರಿತವರು ಕೈಜೋಡಿಸಿ, ದಾನಿಗಳು ಉಪಕರಣಗಳನ್ನು ಒದಗಿಸಿದರೆ ಮಕ್ಕಳು ಕಲಿಯುವುದು ರೇಡಿಯೋ ವಿದ್ಯೆಯೊಂದನ್ನೇ ಅಲ್ಲ. ಒಳ್ಳೆಯ ಅಂಕಿ ಬಂದಾಗಲೂ ಸುತ್ತಲೂ ನೋಡಿದ ಬಳಿಕವೇ ಒಪ್ಪಬೇಕೆಂಬ ಅಭ್ಯಾಸವನ್ನೂ ಕಲಿಯುತ್ತಾರೆ. ಅಂಕಪಟ್ಟಿಯನ್ನೇ ವಿದ್ಯೆಯೆಂದು ಭಾವಿಸುವ ಕಾಲದಲ್ಲಿ ಈ ಅಭ್ಯಾಸವು ವಿದ್ಯಾರ್ಥಿಗಳಿಗೂ ಬೇಕು, ಅವರನ್ನು ಪರೀಕ್ಷಿಸುವವರಿಗೂ ಬೇಕು.